ಅಜ್ಜಿ ಮದುವೆ ಮಾಡಿಸಿದ ಕಪ್ಪೆ

ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿಗೆ ಮೊನ್ನೆ ಪ್ಲಾಸ್ಟಿಕ್ಕಿನ ಕಪ್ಪೆ ಬಂತು. ಹೊಟ್ಟೆಯನ್ನು ಮುಚ್ಚಳದಂತೆ ತೆಗೆಯಬಹುದು, ಕರುಳು ಕಳಚಿ ಮತ್ತೆ ಜೋಡಿಸಬಹುದು. ಜೀವದ ಕಪ್ಪೆ ಕುಯ್ಯುವುದು ನಿಂತು ಎಷ್ಟೋ ಕಾಲವಾಯಿತು, ಒಳ್ಳೆಯದೇ ಆಯಿತು. ಆದರೂ ಅದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಯಾಕೆ ಅಂತೀರಾ, ಕೇಳಿ.

ತೊಂಬತ್ತರ ದಶಕದ ಮಾತು. ನಮ್ಮದು ಹೊಸಹೊಳಲಿನ ಪಕ್ಕದ ಊರು. ಅತ್ತು ಕರೆದು, ಊಟ ಬಿಟ್ಟು, ಹೇಗೋ ಕೆ.ಆರ್. ಪೇಟೆಯಲ್ಲಿ ಪಿಯುಸಿ ಸೈನ್ಸಿಗೆ ಸೇರಿದ್ದೆ. ಪ್ರಾಕ್ಟಿಕಲ್ಲು ಮುಗಿಸಿ ಬಸ್ಸು ಹಿಡಿದು ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಬೆಳೆದ ಹುಡುಗಿ ಕತ್ತಲಲ್ಲಿ ಬರುವುದೇ ಅಪ್ಪನಿಗೆ ತಲೆನೋವು. "ಏನಾದ್ರೂ ಎಡವಟ್ಟಾಗ್ಲಿ, ಅವತ್ತೇ ಆರ್ಟ್ಸ್‌ಗೆ ಹಾಕ್ಬುಡ್ತೀನಿ" ಎಂದು ಮೊದಲೇ ಹೇಳಿದ್ದ.

ಹೀಗಿರುವಾಗ ಲೆಕ್ಚರರು ಎಲ್ಲರೂ ಒಂದೊಂದು ಕಪ್ಪೆ ತನ್ನಿ ಎಂದರು. ಒಂದು ತಪ್ಪಿಸಿಕೊಂಡರೆ ಇನ್ನೊಂದಿರಲಿ ಎಂದು ನಾನು ಕೆರೆಯಂಚಿನಲ್ಲಿ ಎರಡು ಹಿಡಿದೆ. ಮಡಕೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಹಿತ್ತಿಲಲ್ಲಿಟ್ಟೆ. ಆ ವರ್ಷ ಮಳೆ ತಡವಾಗಿತ್ತು. ಮಳೆ ಬಾರದಿದ್ದರೆ ನಮ್ಮ ಕಡೆ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. ಮಡಕೆಯಲ್ಲಿ ಜೋಡಿಕಪ್ಪೆ ಕಂಡರೆ ಅಜ್ಜಿಯಾದರೂ ಇನ್ನೇನು ಅಂದುಕೊಳ್ಳಬೇಕು?

ಬೆಳಗ್ಗೆ ಎದ್ದು ನೋಡಿದರೆ ಅಜ್ಜಿ, ಗಂಡು ಯಾವುದು ಹೆಣ್ಣು ಯಾವುದು ಎಂದು ತಾನೇ ತೀರ್ಮಾನಿಸಿ, ಎರಡಕ್ಕೂ ಅರಿಶಿನ ಬಳಿದು, ಬೀದಿಯ ಹೆಂಗಸರಿಂದ ಸೋಬಾನೆ ಹೇಳಿಸುತ್ತಿದ್ದಾಳೆ. ಅಪ್ಪ ಕಾಯಿ ಒಡೆಯಲು ನಿಂತಿದ್ದಾನೆ. ನನಗೆ ಬಸ್ಸಿಗೆ ಹೊತ್ತಾಗಿತ್ತು. ಬಾಯಿ ಬಿಡಲೇಬೇಕಾಯಿತು.

"ಅಜ್ಜಿ, ಅವು ಕಾಲೇಜಿಗೆ. ಕುಯ್ಯಕೆ."

ಹಾಡು ನಿಂತಿತು. ಅಪ್ಪ ಕಾಯಿಯನ್ನು ಕೆಳಗಿಟ್ಟ. "ಮದ್ವೆಗಂಡ್ನ ಕುಯ್ಯೋ ಓದು ನಮಗೆ ಬ್ಯಾಡ ಕಣವ್ವ. ನಾಳೆಯಿಂದ ಆರ್ಟ್ಸು" ಎಂದ.

ಅಜ್ಜಿ ಮಾತ್ರ ನನ್ನನ್ನು ಕೇಳಿದಳು: "ಕುಯ್ದು ಏನವ್ವ ನೋಡೋದು?"

"ಗುಂಡಿಗೆ. ಬಡ್ಕೊಳ್ಳೋದು ಕಾಣ್ತದಂತೆ."

ಅವಳು ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಿಮ್ ತಾತ ಎದೆ ಇಡ್ಕಂಡು ಗದ್ದೆ ಬದಿನ ಮ್ಯಾಲೆ ಕುಂತೋನು ಏಳ್ನೇ ಇಲ್ಲ. ಒಳಗೇನಾಯ್ತು ಅಂತ ಒಬ್ರೂ ನಂಗೆ ಯೋಳ್ನಿಲ್ಲ. ಗಂಡ್ನ ತಗಂಡೋಗು. ಹೆಣ್ಗೆ ಕೆರೇಲಿ ಇನ್ನೊಂದು ಸಿಕ್ತದೆ. ನೋಡ್ಕಂಡು ಬಂದು ನಂಗೂ ಯೋಳು."

ತನ್ನ ಅಮ್ಮನ ಮಾತಿಗೆ ಅಪ್ಪ ಎದುರಾಡಲಿಲ್ಲ, ಒಪ್ಪಲೂ ಇಲ್ಲ. ಸಂಜೆ ಬಂದವಳೇ ಅಜ್ಜಿಗೆ ಪಾಠ ಒಪ್ಪಿಸಿದೆ: ಕಪ್ಪೆಯ ಗುಂಡಿಗೆಗೆ ಮೂರು ಕೋಣೆ. ಅಪ್ಪ ಹಸುವಿಗೆ ಹುಲ್ಲು ಹಾಕುತ್ತ, ಕೇಳಿಸಿಕೊಳ್ಳದವನಂತೆ ಎಲ್ಲವನ್ನೂ ಕೇಳಿಸಿಕೊಂಡ.

"ಮನುಷ್ಯಂಗೆ?" ಎಂದ, ತಿರುಗದೆ.

"ನಾಲ್ಕು."

"ಅದ್ಯಾಕೆ ಇದ್ದಕ್ಕಿದ್ದಂಗೆ ನಿಂತೋಯ್ತದೆ?"

"ಗೊತ್ತಿಲ್ಲ ಅಪ್ಪ. ಅದ್ಕೆ ಇನ್ನೂ ಓದ್ಬೇಕು."

"ಓದು ಮತ್ತೆ" ಎಂದ. ಆರ್ಟ್ಸಿನ ಮಾತು ನಮ್ಮ ಮನೆಯಲ್ಲಿ ಆಮೇಲೆ ಬರಲಿಲ್ಲ. ಮಳೆ ಬಂತು, ಯಾವಾಗಲೋ.

ಇವತ್ತು ನನ್ನ ವಿದ್ಯಾರ್ಥಿನಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ಬಂದಳು. "ಬಿ.ಎಸ್ಸಿ. ಬ್ಯಾಡ ಅಂತಾವ್ರೆ ಮಿಸ್. ನೀವೇ ನಮ್ಮಪ್ಪನ್ನ ಕರ್ಸಿ ಹೇಳಿ." ಇಷ್ಟು ವರ್ಷ ಇಂಥ ಅಪ್ಪಂದಿರನ್ನು ಕರೆಸಿ, ಭಾಷಣ ಬಿಗಿದು, ಗಂಟಲು ಒಣಗಿಸಿಕೊಂಡಿದ್ದೇನೆ. ಈ ಸಲ ಬೇರೆ ಕೇಳಿದೆ.

"ಮನೇಲಿ ಅಜ್ಜಿ ಇದ್ದಾರಾ?"

"ಅವ್ರೆ ಮಿಸ್."

"ನಾಳೆ ಅವ್ರನ್ನ ಲ್ಯಾಬಿಗೆ ಕರ್ಕೊಂಡು ಬಾ. ಅವ್ರಿಗೂ ಏನೋ ಕೇಳೋದಿರ್ತದೆ."