ಸರ್‌ಗೆ ಎತ್ತದ ಬೆರಳು

ಕುವೈತಿನ ನಮ್ಮ ಕ್ರಿಕೆಟ್ ತಂಡದಲ್ಲಿ ಒಬ್ಬರು ಇಂಗ್ಲಿಷರಿದ್ದರು, ಉಳಿದವರೆಲ್ಲ ಕರ್ನಾಟಕದವರು. ತೊಂಬತ್ತರ ದಶಕದ ಕೊನೆಯ ಮಾತು. ಮಹಬೂಲಾದಲ್ಲಿ ಇನ್ನೂ ಎತ್ತರದ ಕಟ್ಟಡಗಳು ಎದ್ದಿರಲಿಲ್ಲ. ಶುಕ್ರವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ಅಲ್ಲಿನ ಮರಳು ಬಯಲಿನಲ್ಲಿ ಸಿಮೆಂಟ್ ಪಟ್ಟಿಯ ಮೇಲೆ ಮ್ಯಾಟ್ ಹಾಸಿ ಆಡುತ್ತಿದ್ದೆವು. ನಾನು ಶುವೈಖ್‌ನಲ್ಲಿ ಒಂದು ಪತ್ರಿಕೆಯ ಕ್ರೀಡಾ ವಿಭಾಗದಲ್ಲಿದ್ದೆ. ಈ ಪಂದ್ಯಗಳ ಫಲಿತಾಂಶವನ್ನು ಎರಡು ಸಾಲಿನಲ್ಲಿ ಬರೆಯುವ ಕೆಲಸವೂ ನನ್ನದೇ.

ಆ ಇಂಗ್ಲಿಷರು ಇಂಗ್ಲಿಷ್ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುತ್ತಿದ್ದರು. ಎದುರಾಳಿ ತಂಡದವರೂ ಅವರನ್ನು ಸರ್ ಎಂದೇ ಕರೆಯುತ್ತಿದ್ದರು. ಜಾಬ್ರಿಯಾದ ಅವರ ಮನೆಯಿಂದ ಮೈದಾನಕ್ಕೆ ನನ್ನ ಕಾರಿನಲ್ಲೇ ಬರುತ್ತಿದ್ದರಿಂದ ಅವರ ಹಳೆಯ ಕತೆ ನನಗೆ ಕಂತುಕಂತಾಗಿ ಸಿಕ್ಕಿತು. ಯೌವನದಲ್ಲಿ ಅವರು ತಮ್ಮ ಕೌಂಟಿಗೆ ಕೆಲವು ಪಂದ್ಯ ಆಡಿದ್ದರು. ಸಂಬಳವಿಲ್ಲದೆ, ಹವ್ಯಾಸಿಯಾಗಿ, ಬೇಸಿಗೆ ರಜೆಯಲ್ಲಿ ಮಾತ್ರ. ಆಗ ಅಲ್ಲಿ ಬಟ್ಟೆ ಬದಲಿಸಲು ಹವ್ಯಾಸಿಗಳಿಗೆ ಒಂದು ಕೋಣೆ, ಸಂಬಳಕ್ಕೆ ಆಡುವವರಿಗೆ ಇನ್ನೊಂದು. ತಂದೆಯ ವಯಸ್ಸಿನ ಬೌಲರ್‌ಗಳು ಈ ಹುಡುಗನನ್ನು ಸರ್ ಎನ್ನುತ್ತಿದ್ದರಂತೆ.

"ನನ್ನನ್ನು ಆರಿಸಿದ್ದು ನನ್ನ ಆಟ ನೋಡಿಯೋ, ನಾನು ಓದಿದ ಶಾಲೆ ನೋಡಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ" ಎಂದು ಒಮ್ಮೆ ಹೇಳಿದ್ದರು. ಆ ಅನುಮಾನ ಇಲ್ಲದೆ ಆಡಿದ್ದು ಈ ಮರಳಿನಲ್ಲೇ ಎಂದೂ ಸೇರಿಸಿದ್ದರು. ನಾನು ರಸ್ತೆ ನೋಡುತ್ತ ಸುಮ್ಮನಿದ್ದೆ.

ಸುಮ್ಮನಿರಲು ಕಾರಣವಿತ್ತು. ನಮಗೆ ಬೇರೆ ಅಂಪೈರ್‌ಗಳಿರಲಿಲ್ಲ. ಬ್ಯಾಟಿಂಗ್ ಮಾಡುವ ತಂಡದವರೇ ಸರದಿಯಂತೆ ನಿಲ್ಲಬೇಕು. ಚೆಂಡು ಬ್ಯಾಟಿಗೆ ಸವರಿ ಕ್ಯಾಚ್ ಆದರೆ ಸರ್ ಯಾರ ತೀರ್ಪಿಗೂ ಕಾಯದೆ ಹೊರಟುಬಿಡುತ್ತಿದ್ದರು. ಆದರೆ ಎಲ್‌ಬಿ ಹಾಗಲ್ಲ. ಕಾಲಿಗೆ ಬಡಿದ ಚೆಂಡು ವಿಕೆಟ್‌ಗೆ ತಾಗುತ್ತಿತ್ತೇ ಎಂದು ಅಂಪೈರೇ ಹೇಳಬೇಕು. ನಮ್ಮಲ್ಲಿ ಯಾರೂ ಅವರಿಗೆ ಒಮ್ಮೆಯೂ ಬೆರಳೆತ್ತಿ ಎಲ್‌ಬಿ ಔಟ್ ಕೊಟ್ಟಿರಲಿಲ್ಲ.

ಅವರ ನಿವೃತ್ತಿ ನಿಗದಿಯಾಗಿ, ವಾಸದ ಪರವಾನಗಿಯಾದ ಇಕಾಮಾ ರದ್ದಾಗಿ ಊರಿಗೆ ಹೊರಡುವ ವರ್ಷ ಇದು ಬಯಲಾಯಿತು. ಎದುರಾಳಿ ತಂಡದ ವಿಕೆಟ್‌ಕೀಪರ್ ಲಾಹೋರಿನವನು, ಬಾಯಿಗೆ ಬೀಗವಿಲ್ಲದವನು. ಚೆಂಡು ಸರ್ ಪ್ಯಾಡಿಗೆ ಬಡಿದು ಬೌಲರ್ ಕೂಗಿದಾಗ ನಗುತ್ತ, "ಛೋಡೋ ಭಾಯಿ, ಗಂಟಲು ಯಾಕೆ ಹರ್ಕೋತೀಯಾ? ಸರ್‌ಗೆ ಎಲ್‌ಬಿ ಇಲ್ಲ, ಇಡೀ ಕುವೈತಿಗೇ ಗೊತ್ತು" ಎಂದು ತನ್ನ ಉರ್ದುವಿನಲ್ಲಿ ಹೇಳಿದ. ಸರ್‌ಗೆ ಅಷ್ಟು ಹಿಂದಿ, ಉರ್ದು ಬರುತ್ತಿತ್ತು.

ಚಹಾದ ಹೊತ್ತಿಗೆ ಅವರು ನಮ್ಮನ್ನೆಲ್ಲ ನೋಡಿ, "ನಿಜವೇ?" ಎಂದು ಕೇಳಿದರು. ಎಲ್ಲರೂ ಲೋಟದೊಳಗೆ ನೋಡಿದರು. ಕೊನೆಗೆ ನಮ್ಮ ಕ್ಯಾಪ್ಟನ್ ಬಾಯಿಬಿಟ್ಟ. ಅವನು ಮಂಗಳೂರಿನ ಕೊಂಕಣಿಯವನು, ಆಸ್ಪತ್ರೆಯೊಂದರಲ್ಲಿ ಲೆಕ್ಕ ನೋಡುತ್ತಿದ್ದ, ಮಗಳು ಸರ್ ಬಳಿಯೇ ಓದುತ್ತಿದ್ದಳು. "ನಮ್ಮ ಕಡೆ ಮೇಷ್ಟ್ರಿಗೆ ಬೆರಳು ತೋರಿಸುವ ಕ್ರಮ ಇಲ್ಲ ಸರ್" ಎಂದ.

ಸರ್ ಕೋಪ ಮಾಡಿಕೊಳ್ಳಲಿಲ್ಲ. ಮುಖ ಮಾತ್ರ ಸಪ್ಪಗಾಯಿತು. "ಹಾಗಾದರೆ ಇಲ್ಲಿಯ ರನ್ನುಗಳೂ ನನ್ನವಲ್ಲ" ಎಂದರು. ಮನೆಯ ಮುಂದೆ ನನ್ನ ಕಾರಿನಿಂದ ಇಳಿಯುವಾಗ ಒಂದೇ ಬೇಡಿಕೆ ಇಟ್ಟರು: ಮುಂದಿನ ಶುಕ್ರವಾರ ತಮ್ಮ ಕೊನೆಯ ಪಂದ್ಯ; ತಾವು ಆಡುವಾಗ ಕ್ಯಾಪ್ಟನ್ನೇ ಅಂಪೈರ್ ಆಗಿರಬೇಕು, ಔಟಾದರೆ ಔಟ್ ಕೊಡಬೇಕು.

ನಾನು ಫೋನ್ ಮಾಡಿ ತಿಳಿಸಿದಾಗ ಕ್ಯಾಪ್ಟನ್ ಕೂಗಿಯೇಬಿಟ್ಟ. "ಎಂತ ಮನುಷ್ಯ ಮಾರಾಯ! ನಾವು ಒಳ್ಳೆ ವಾಚ್ ಕೊಡುವ ಅಂತ ಇದ್ರೆ ಇವ್ರಿಗೆ ಬೆರಳು ಬೇಕಂತೆ!"

ಕೊನೆಯ ಪಂದ್ಯಕ್ಕೆ ಅದೇ ಲಾಹೋರಿನವನ ತಂಡ ಬಂದಿತ್ತು. ಸರ್ ಚೆನ್ನಾಗಿಯೇ ಆಡುತ್ತಿದ್ದರು. ನಾನು ಜೊತೆಯ ಬ್ಯಾಟ್ಸ್‌ಮನ್ ಆಗಿ ಇನ್ನೊಂದು ತುದಿಯಲ್ಲಿ, ಅಂಪೈರ್ ಆಗಿದ್ದ ಕ್ಯಾಪ್ಟನ್ ಪಕ್ಕದಲ್ಲೇ ನಿಂತಿದ್ದೆ. ಅವನು ಒಂದೊಂದು ಚೆಂಡಿಗೂ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಚೆಂಡೊಂದು ಮ್ಯಾಟ್ ಮೇಲೆ ಬಿದ್ದು ಒಳಕ್ಕೆ ತಿರುಗಿ ಸರ್ ಮೊಣಕಾಲ ಕೆಳಗೆ ಬಡಿಯಿತು. ಬೌಲರ್ ಬಾಯಿ ತೆರೆದಿದ್ದನಷ್ಟೆ, ಕ್ಯಾಪ್ಟನ್ನನ ಬೆರಳು ಆಗಲೇ ಮೇಲಿತ್ತು. ಸರ್ ಆ ಬೆರಳನ್ನು ಒಂದು ಕ್ಷಣ ನೋಡಿದರು. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ ನಡೆದರು.

"ಸರಿ ಕೊಟ್ಟೆ ಅಲ್ವಾ?" ಎಂದು ಕ್ಯಾಪ್ಟನ್ ಪಿಸುಗುಟ್ಟಿದ.

"ಲೆಗ್ ಸ್ಟಂಪಿಂದ ಒಂದು ಗೇಣು ಆಚೆ ಹೋಗ್ತಿತ್ತು" ಎಂದೆ.

"ಅಯ್ಯೋ ದೇವರೇ! ವಾಪಸ್ ಕರೆಯುವನಾ?"

"ಖಲಾಸ್. ಈಗ ಸುಮ್ನೆ ನಿಂತ್ಕೋ."

ಪಂದ್ಯ ಮುಗಿದ ಮೇಲೆ ಅವನು ಕೈ ಜೋಡಿಸಿಕೊಂಡೇ ಸರ್ ಹತ್ತಿರ ಹೋದ. ಆದರೆ ಅವನು ಬಾಯಿ ತೆರೆಯುವ ಮೊದಲೇ ಸರ್ ಶುರುಮಾಡಿದ್ದರು: ಎಂಥ ತೀರ್ಪದು, ಕಣ್ಣಿದೆಯೋ ಇಲ್ಲವೋ, ಆ ಚೆಂಡು ಸೀದಾ ಸಮುದ್ರಕ್ಕೆ ಹೋಗುತ್ತಿತ್ತು! ಸಿಕ್ಕಿದವರಿಗೆಲ್ಲ ದೂರು ಹೇಳಿದರು, ಲಾಹೋರಿನ ಕೀಪರ್‌ಗೂ ಹೇಳಿದರು. ಅವರ ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು; ಇಷ್ಟು ಖುಷಿಯಲ್ಲಿ ಅವರನ್ನು ನಾನು ಹಿಂದೆ ನೋಡಿರಲಿಲ್ಲ. ಬ್ಯಾಟಿನ ತುದಿಯಿಂದ ಮರಳಿನಲ್ಲಿ ಮೂರು ಸ್ಟಂಪ್ ಗೀರಿ, ಚೆಂಡು ಬಂದ ದಾರಿಯನ್ನೂ ಎಳೆದು ತೋರಿಸಿದರು.

ಕ್ಯಾಪ್ಟನ್ ಗೆರೆ ನೋಡಿದ. ಕ್ಷಮೆ ಕೇಳಲು ಬಂದದ್ದು ಮರೆತೇಹೋಯಿತು.

"ಅಷ್ಟು ಆಚೆ ಎಲ್ಲಿ ಸರ್? ನಿಮ್ಮ ಕಾಲು ಇಲ್ಲಿತ್ತು!" ಎಂದು ಕುಕ್ಕರುಗಾಲಲ್ಲಿ ಕೂತು ಆ ಗೆರೆ ಅಳಿಸಿ ತನ್ನದೊಂದು ಎಳೆದ. ಸರ್ ಅದನ್ನು ಬೂಟಿನಿಂದ ಅಳಿಸಿದರು. ವಾಚಿನ ಪೆಟ್ಟಿಗೆ ಹಿಡಿದು ನಾವು ಪಕ್ಕದಲ್ಲಿ ನಿಂತಿದ್ದೆವು. ಬಿಸಿಲು ಚುರುಗುಟ್ಟುತ್ತಿತ್ತು. ಯಾರೋ "ಯಲ್ಲಾ, ಊಟಕ್ಕೆ ಹೋಗುವ" ಎಂದು ಕೂಗಿದರೂ ಇಬ್ಬರೂ ತಲೆ ಎತ್ತಲಿಲ್ಲ.