ಕೋಲ್ಕತಾ ಅಲ್ಲ, ಕಾರಟಗಿ

ಗಂಗಾವತಿಯಿಂದ ನಮ್ಮ ಅಕ್ಕಿ ಗಿರಣಿಗೆ ಬರುತ್ತಿದ್ದ ಕಂಪ್ಯೂಟರ್ ಮೆಕ್ಯಾನಿಕ್ ಚಪ್ಪಲಿ ಹೊರಗೆ ಬಿಟ್ಟು, ಮೊದಲು ತನ್ನ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಯಾವ ದೂರಿಗೂ ಅವನದು ಒಂದೇ ಮಾತು: “ಮಷಿನ್ ಸುಳ್ಳು ಹೇಳಂಗಿಲ್ರಿ, ನಾವು ಹೇಳಿಕೊಟ್ಟಿದ್ದ ಹೇಳತೈತಿ.”

ಆ ದಿನ ಗೇಟಿನ ಲಿನಕ್ಸ್ ಕಂಪ್ಯೂಟರ್ ಮುಂದೆ ಕೂತು ಕೇಳಿದ: “ಈಗ ಹನ್ನೊಂದು. ಇದರಾಗ ಐದೂವರಿ. ಅಪ್‌ಡೇಟ್ ಆದಾಗ ಊರು ಕೇಳಿತ್ತಲ್ರಿ, ಏನು ಒತ್ತಿದ್ರಿ?”

“ಕೋಲ್ಕತಾ ಅಂತಿತ್ತು. ನಮ್ಮದು ಕಾರಟಗಿ. ಪಟ್ಟಿಯಾಗ ಇರಲಿಲ್ಲ. ಅದಕ್ಕ ಕೋಲ್ಕತಾ ತೆಗದು ಯುಟಿಸಿ ಅಂತಿದ್ದದ್ದು ಒತ್ತಿದೆ.”

“ಇಡೀ ದೇಶದ ಟೈಮಿಗೆ ಪಟ್ಟಿಯಾಗ ಕೋಲ್ಕತಾ ಒಂದ ರೀ. ಯುಟಿಸಿ ಅಂದ್ರ ಜಗತ್ತಿನ ಟೈಮು, ನಮ್ಮದಕ್ಕಿಂತ ಐದೂವರಿ ತಾಸು ಹಿಂದ.”

ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದೆ. ನಿನ್ನೆ ಲಾರಿಯೊಂದು ನಸುಕಿನ ನಾಲ್ಕಕ್ಕೆ ಗೇಟು ದಾಟಿದೆಯೆಂದು ಅದೇ ಕಂಪ್ಯೂಟರ್ ಚೀಟಿ ಕೊಟ್ಟಿತ್ತು. ರಾತ್ರಿ ಕಾವಲಿನ ಮುದುಕನನ್ನು ಎಲ್ಲರೆದುರು ಕಳ್ಳನೆಂದು ಬೈದು, ಬೀಗದ ಕೈ ಕಸಿದು ಕಳಿಸಿದ್ದೆ. ಚೀಟಿಯಲ್ಲಿ ಗಂಟೆ ನೋಡಿದವನು ಲಾರಿ ನಂಬರ್ ಓದಿರಲಿಲ್ಲ. ಈಗ ಓದಿದೆ. ಬೆಳಿಗ್ಗೆ ಒಂಬತ್ತೂವರೆಗೆ ನಾನೇ ಕೈಬೀಸಿ ಕಳಿಸಿದ ಲಾರಿ!

ಮೆಕ್ಯಾನಿಕ್‌ಗೆ ಎಲ್ಲ ಹೇಳಿದೆ. ಅವನು ಒಂದು ಸಾಲು ಟೈಪ್ ಮಾಡಿದ. ಪರದೆಯ ಮೇಲೆ ಹನ್ನೊಂದಾಯಿತು. ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಮಷಿನ್‌ಗೆ ನಾ ಹೇಳೇನ್ರಿ. ಆ ಮುದುಕಗ ನೀವ ಹೋಗಿ ಹೇಳ್ರಿ.”