ನಿಪ್ಪಾಣಿಗೆ ಕಳಿಸಿದ ಆ ವಾಯ್ಸ್ ಮೆಸೇಜ್

ನೇಪಾಳದ ಅಂತರ್ಯುದ್ಧದಲ್ಲಿ ಹೆಂಗಸರು ಏನೇನು ಕೆಲಸ ಮಾಡಿದರು ಎಂಬುದು ನನ್ನ ಪಿಎಚ್‌ಡಿ ವಿಷಯ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿಯಾಗಿರುವ ನಾನು ನೇಪಾಳವನ್ನು ಕಂಡವಳೇ ಅಲ್ಲ. "ಇಲ್ಲಿ ಹೆಂಗಸರಿಗೇನು ಬರಾ ಬಂದಿತ್ತಂತ ಅಲ್ಲೀತನಕ ಹೊಂಟಿ?" ಎಂದು ಸದಲಗಾದ ಮನೆಯಲ್ಲಿ ಅವ್ವ ಕೇಳಿದ್ದಳು. ನಾನು ಓದಿದ ಪುಸ್ತಕಗಳಲ್ಲಿ ಬಂದೂಕು ಹಿಡಿದ ಹುಡುಗಿಯರು ಪುಟಗಟ್ಟಲೆ ಇದ್ದರು. ಅಕ್ಕಿ ಹೊತ್ತವರು, ಗಾಯ ತೊಳೆದವರು ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದರು. ನನಗೆ ಬೇಕಾಗಿದ್ದವರು ಆ ಒಂದು ಸಾಲಿನವರು.

ಅಂಥವರೊಬ್ಬರು ಸಿಕ್ಕಿದ್ದು ನಿಪ್ಪಾಣಿ ಬಸ್ ಸ್ಟ್ಯಾಂಡಿನ ಹತ್ತಿರ. ನೇಪಾಳದ ಗಂಡ ಹೆಂಡತಿ ಅಲ್ಲಿ ಕೈಗಾಡಿಯ ಮೇಲೆ ಮೋಮೊ, ನೂಡಲ್ಸ್ ಮಾರುತ್ತಿದ್ದರು. ಬಂದು ಬಹಳ ವರ್ಷವಾಗಿ, ಮರಾಠಿಯನ್ನೂ ನಮ್ಮ ಕನ್ನಡವನ್ನೂ ಕಲಸಿ ಮಾತಾಡುತ್ತಿದ್ದರು. ಒಂದು ದಿನ ಗಿರಾಕಿಯೊಬ್ಬನ ಕೈಮೇಲೆ ಕುದಿಯುವ ನೀರು ಬಿತ್ತು. ಆಕೆ ತಣ್ಣೀರು ಸುರಿದು, ಒಗೆದ ಬಟ್ಟೆ ಹರಿದು, ಎರಡೇ ನಿಮಿಷದಲ್ಲಿ ಕಟ್ಟಿ ಮುಗಿಸಿದಳು. "ನರ್ಸ್ ಆಗಿದ್ರೇನ್ರಿ ಅಕ್ಕಾರ?" ಎಂದೆ. ಗಂಡ ಸಿಲಿಂಡರ್ ತರಲು ಹೋಗಿದ್ದ. ಆಕೆ ಒಮ್ಮೆ ಸುತ್ತ ನೋಡಿ, "ಅಡವ್ಯಾಗ ಕಲತದ್ದು" ಎಂದಳು.

ಗುರುವಾರ ಆಕೆಯ ಗಂಡ ಸಾಮಾನಿಗೆ ಕೊಲ್ಲಾಪುರಕ್ಕೆ ಹೋಗುತ್ತಿದ್ದ. ಮೂರು ಗುರುವಾರ ಮಧ್ಯಾಹ್ನ ಅವರ ಒಂದೇ ಕೋಣೆಯ ಮನೆಯಲ್ಲಿ ಕೂತು ಆಕೆಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮನೆಯ ಹಿಂದಿದ್ದ ಗೋದಾಮಿನ ತಂಬಾಕಿನ ಘಾಟಿಗೆ ನಾನು ಕೆಮ್ಮುತ್ತಿದ್ದೆ, ಆಕೆ ನಿಲ್ಲಿಸಿ ನೀರು ಕೊಡುತ್ತಿದ್ದಳು. ಬಂಡುಕೋರರು ಊರಿಗೆ ಬಂದಾಗ ಆಕೆಗೆ ಹದಿನೈದು. ಅವರ ಜೊತೆ ಅಡವಿಗೆ ಹೋದಳು, ಆದರೆ ಬಂದೂಕು ಕೊಡಲಿಲ್ಲ. ಉಪ್ಪು, ಔಷಧ ಹೊರುವುದು, ಗಾಯದ ಪಟ್ಟಿ ಕುದಿಸುವುದು, ಉಳಿಯುವುದಿಲ್ಲ ಎಂದಾದವರ ಪಕ್ಕದಲ್ಲಿ ಕೂರುವುದು ಆಕೆಯ ಕೆಲಸ. "ಸಾಯೋರು ಅವ್ವನ್ನ ಕರೀತಾರ್ರಿ. ಆಕಿ ಬದ್ಲಿ ನಾ ಓ ಅಂತಿದ್ನಿ" ಎಂದಳು.

ಮೂರನೆಯ ಗುರುವಾರ ನಾನು ಎದ್ದು ನಿಂತಾಗ ಸಣ್ಣ ದನಿಯಲ್ಲಿ ಹೇಳಿದಳು: "ಇದು ನಮ್ಮ ಮನ್ಯಾವ್ರಿಗೆ ಗೊತ್ತಿಲ್ರಿ. ಇವರಣ್ಣ ಪೊಲೀಸ್ ಇದ್ದ. ನಮ್ಮ ಕಡ್ಯಾವ್ರ ಕೈಯಾಗ ಸತ್ತಾನ. ನಾ ಆಗ ಆಡು ಕಾಯ್ತಿದ್ನಿ ಅಂತ ಹೇಳೇನಿ."

"ನನ್ನ ಬಾಯಿಂದ ಹೊರಗ ಬರೂದಿಲ್ರಿ" ಎಂದೆ. ಎಷ್ಟು ಸಲೀಸಾಗಿ ಅಂದೆನೆಂದು ಈಗ ನಾಚಿಕೆಯಾಗುತ್ತದೆ.

ಹತ್ತು ದಿನ ಕಳೆದಿರಬೇಕು. ಮಾರ್ಗದರ್ಶಕರು ಅಧ್ಯಾಯಕ್ಕೆ ಅವಸರ ಮಾಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಬರೆಯುತ್ತಾ ಕೂತಿದ್ದಾಗ ಒಂದು ವಿವರ ಬೇಕೆನಿಸಿ ಫೋನ್ ಎತ್ತಿಕೊಂಡು ವಾಟ್ಸಾಪಿನಲ್ಲಿ ಹೇಳಿ ಕಳಿಸಿಬಿಟ್ಟೆ: "ಅಕ್ಕಾರ, ಅಡವ್ಯಾಗ ಗಾಯ ಆದವ್ರನ್ನ ನೋಡ್ಕೋತಿದ್ರಲ್ಲ, ಆಗ ನಿಮ್ಮ ಕೂಡ ಎಷ್ಟ್ ಮಂದಿ ಹುಡುಗ್ಯಾರಿದ್ರು?"

ಮೆಸೇಜ್ ಹೋದ ಮೇಲೆ ತಲೆಗೆ ಬಂತು. ಅದು ಗಾಡಿಯ ಮೇಲೆ ಬರೆಸಿದ ನಂಬರು. ಹಗಲೆಲ್ಲ ಆ ಫೋನ್ ಇರುವುದು ಗಂಡನ ಅಂಗಿಯ ಜೇಬಿನಲ್ಲಿ. ಅಳಿಸಲು ಬೆರಳಿಡುವಷ್ಟರಲ್ಲಿ ಮೆಸೇಜಿನ ಪಕ್ಕದ ಮೈಕಿನ ಗುರುತು ನೀಲಿಯಾಯಿತು. ಯಾರೋ ಕೇಳಿದ್ದರು. ಅಳಿಸಿದೆ. ಅಳಿಸಿದ್ದೂ ಕಾಣುತ್ತದೆ ಎಂದು ಆಮೇಲೆ ಹೊಳೆಯಿತು.

ಕ್ಲಾಸಿನಲ್ಲಿ ಅವತ್ತು ಏನು ಪಾಠ ಮಾಡಿದೆನೋ ನೆನಪಿಲ್ಲ. ಸಂಜೆ ನಿಪ್ಪಾಣಿಯ ಬಸ್ ಹಿಡಿದೆ. ಗಾಡಿ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು. ಪಕ್ಕದಲ್ಲಿ ಬಾಳೆಹಣ್ಣು ಮಾರುವವಳು, "ಮಧ್ಯಾನ್ನದಾಗ ತಗದ್ ಹ್ವಾದ್ರು. ಏನೂ ಹೇಳಲಿಲ್ಲ" ಎಂದಳು. ಅವರ ಓಣಿಯ ತುದಿಯವರೆಗೆ ನಡೆದೆ. ಗಂಡನಿಗೆ ಪೂರ್ತಿ ತಿಳಿದಿರದಿದ್ದರೆ? ನಾನು ಹೋಗುವುದರಿಂದಲೇ ತಿಳಿದುಬಿಟ್ಟರೆ? ಹಾಗೆ ಅಂದುಕೊಂಡು ವಾಪಸು ಬಂದೆ. ಅದು ಹೆದರಿಕೆಯೇ ಹೊರತು ವಿವೇಕವಲ್ಲ.

ಮರುದಿನ, ಅದರ ಮರುದಿನ ಫೋನ್ ಬರಲಿಲ್ಲ. ಆಕೆಯನ್ನು ಹೊಡೆದಿರಬಹುದೆ, ಊರಿಗೆ ಅಟ್ಟಿರಬಹುದೆ ಎಂದು ಮನಸ್ಸು ಒಂದಾದ ಮೇಲೊಂದು ಕಟ್ಟುತ್ತಲೇ ಇತ್ತು. "ಯಾಕವಾ, ಅನ್ನ ಹಂಗ ಬಿಟ್ಟಿ?" ಎಂದು ಅವ್ವ ಕೇಳಿದಳು. ಮೂರನೆಯ ದಿನ ರಜೆ ಹಾಕಿ ಹೋದೆ.

ಬಾಗಿಲು ತೆರೆದಿತ್ತು. ಆಕೆ ಒಲೆಯ ಮುಂದಿದ್ದಳು, ಗಂಡ ಗೋಡೆಗೊರಗಿ ಕೂತಿದ್ದ. ನಾನು ತಪ್ಪಾಯಿತು ಎನ್ನುವ ಮೊದಲೇ ಅವನು, "ಬರ್ರಿ ಮೇಡಂ" ಎಂದ. "ಮೂರು ದಿನ ಆತು, ಆಕಿ ಹೇಳ್ತೀನಿ ಅಂತಾಳ. ಆಕಿ ಮಾರಿ ನೋಡ್ಕೋತ ಕೇಳಾಕ ನನಗ ಆಗವಲ್ದು. ಆಕಿ ಹೇಳಿದ್ದು ನಿಮ್ಮ ಫೋನಿನ್ಯಾಗ ಐತಂತಲ್ಲ, ಅದನ್ನ ಹಚ್ರಿ."

"ಅದು ಅಕ್ಕಾರ ಹೇಳಿದ ಮಾತ್ರಿ. ಅವ್ರು ಹೂಂ ಅಂದ್ರಷ್ಟ" ಎಂದೆ.

ಆಕೆ ಕೈ ಒರೆಸಿಕೊಂಡಳು. "ಹಚ್ರಿ" ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಅವನು ಇಯರ್‌ಫೋನ್ ಹಾಕಿಕೊಂಡು ಮೂರೂ ರೆಕಾರ್ಡಿಂಗ್ ಕೇಳಿದ. ನಾನು ಪರದೆಯ ಮೇಲೆ ಸರಿಯುವ ನಿಮಿಷಗಳನ್ನು ನೋಡುತ್ತಿದ್ದೆ. ಎರಡನೆಯದರ ಕೊನೆಗೆ, ಪೊಲೀಸ್ ಚೌಕಿ ಬಂಡುಕೋರರ ವಶವಾದ ದಿನ ತಾವೆಲ್ಲ ಹಾಡಿದೆವು ಎಂದು ಆಕೆ ಹೇಳುವ ಮಾತಿತ್ತು. ಅವನು ಅಲ್ಲಿ ನಿಲ್ಲಿಸಿ, ಇನ್ನೊಮ್ಮೆ ಹಚ್ಚಲು ಸನ್ನೆ ಮಾಡಿದ. ಕೇಳಿ, ತನಗೆ ತಾನೇ ಎಂಬಂತೆ, "ಆ ಚೌಕಿ ನಮ್ಮ ಜಿಲ್ಲಾದ್ದಲ್ಲ, ಅಣ್ಣ ಇದ್ದದ್ದಲ್ಲ" ಎಂದ.

ಎಲ್ಲ ಮುಗಿದ ಮೇಲೆ ಬಾಗಿಲ ಕಡೆ ತಿರುಗಿ ನೇಪಾಳಿಯಲ್ಲಿ ಏನೋ ಕೇಳಿದ. ಹೊರಗಿನಿಂದ ಆಕೆ ಒಂದೇ ಶಬ್ದದಲ್ಲಿ ಉತ್ತರಿಸಿದಳು. ಆಗ ಆಕೆಗೆಷ್ಟು ವಯಸ್ಸು ಎಂದು ಕೇಳಿದನಂತೆ, ಆಮೇಲೆ ಆಕೆಯೇ ನನಗೆ ಹೇಳಿದಳು. ರೆಕಾರ್ಡಿಂಗಿನ ಮೊದಲ ನಿಮಿಷದಲ್ಲೇ ಅದಿತ್ತು. ಆಕೆಯ ಬಾಯಿಂದ ಕೇಳಬೇಕಿತ್ತೇನೋ.

ಆಕೆ ಹೇಳಿದಂತೆ ಅವರೆದುರಿಗೇ ಮೂರನ್ನೂ ಅಳಿಸಿದೆ. ನನ್ನ ಚೀಲದಲ್ಲಿದ್ದ ಟಿಪ್ಪಣಿಯ ಹಾಳೆಗಳನ್ನು ಆಕೆ ಒಲೆಗೆ ಹಾಕಿದಳು. ಮಾರ್ಗದರ್ಶಕರು ಸಂದರ್ಶನ ಎಲ್ಲಿ ಎಂದು ಸಿಟ್ಟಾದರು. ಸಿಗಲಿಲ್ಲ ಎಂದೆ. ಅಧ್ಯಾಯ ಈಗ ಪುಸ್ತಕಗಳಿಂದಲೇ ಬರೆದ ಅಧ್ಯಾಯವಾಗಿದೆ.

ವಾರದ ಮೇಲೆ ಗಾಡಿ ಮತ್ತೆ ಬಂದು ನಿಂತಿತು. ಅವರಿಬ್ಬರ ನಡುವೆ ಏನು ಸರಿಹೋಯಿತು, ಏನು ಹೋಗಲಿಲ್ಲ, ನಾನು ಕೇಳಿಲ್ಲ. ಆಕೆ ಮೊದಲಿನಂತೆ ಮಾತಾಡಿಸುತ್ತಾಳೆ. ಅವನು ಬಹಳ ತಿಂಗಳು ನನ್ನ ಮುಂದೆ ತಟ್ಟೆ ಇಟ್ಟು ಒಲೆಯ ಕಡೆ ಮರಳುತ್ತಿದ್ದ. ಹೋದ ತಿಂಗಳು ಮಾತ್ರ ನಿಂತು ಹೇಳಿದ: "ನಮ್ಮವ್ವ ಎರಡೂ ಕಡ್ಯಾವ್ರಿಗೆ ಅನ್ನ ಹಾಕ್ಯಾಳ್ರಿ, ಮಗಾ ಸತ್ತ ಮ್ಯಾಲೂ. ಅದನ್ನ ಬರೀತೀರೇನು?"

"ನಿಮ್ಮವ್ವಾರು ಒಪ್ತಾರೇನ್ರಿ?" ಎಂದೆ. ಫೋನನ್ನು ಚೀಲದಿಂದ ತೆಗೆಯಲಿಲ್ಲ.

"ಕೇಳ್ತೀನಿ" ಎಂದ. ಇನ್ನೂ ಏನೂ ಹೇಳಿಲ್ಲ. ನಾನೂ ನೆನಪಿಸಲು ಹೋಗಿಲ್ಲ.